ಚೆಂಡು ಬಿಟ್ಟು ನೋಡಿ: ಓದುಗರ ಪ್ರಶ್ನೆ, ಮಾಸ್ತರರ ಉತ್ತರ

ಪ್ರಶ್ನೆ: ಮಾಸ್ತರರೇ, ನನ್ನ ಮಗ ಅಮೆರಿಕದ ಒಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾನೆ. ಶನಿವಾರ ಕಾಲೇಜಿನ ಫುಟ್‌ಬಾಲ್ ಇದ್ದರೆ ನನ್ನ ಫೋನ್ ಎತ್ತುವುದಿಲ್ಲ. ಇದು ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಅವನ ಜೊತೆ ಮಾತಾಡಲು ಒಂದು ವಿಷಯ ಆದೀತು ಎಂದು ನಾನೂ ರಾತ್ರಿ ಕೆಲಸ ಮುಗಿಸಿ ಮೊಬೈಲಿನಲ್ಲಿ ನೋಡಲು ಕೂತೆ. ಚೆಂಡು ಸಿಕ್ಕವರು ಓಡುತ್ತಾರೆ, ಎಸೆಯುತ್ತಾರೆ, ಅಷ್ಟು ತಿಳಿಯುತ್ತದೆ. ತಡೆಯುವ 11 ಜನ ಏನು ಮಾಡುತ್ತಾರೋ ಒಂದೂ ಗೊತ್ತಾಗುವುದಿಲ್ಲ. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ರಾಶಿ ಆಗುತ್ತಾರೆ. ಮಗನನ್ನು ಕೇಳಿದರೆ ಮೈಕ್, ಸ್ಯಾಮ್, ವಿಲ್ ಎಂದು ಹೆಸರು ಹೇಳುತ್ತಾನೆ. ಇವರೆಲ್ಲ ಯಾರು?
ಒಬ್ಬ ತಾಯಿ, ಶಿರಸಿ

ಉತ್ತರ: ತಂಗೀ, ಮಗನ ಜೊತೆ ಮಾತಿಗೆ ವಿಷಯ ಬೇಕು ಎಂದು ನಿದ್ದೆಗೆಟ್ಟು ಕೂತಿರಲ್ಲ, ಅದನ್ನು ಓದಿ ಬಹಳ ಖುಷಿಯಾಯಿತು. ನಾನು ಈ ಆಟ ಕಲಿತದ್ದೂ ಮಕ್ಕಳ ದೆಸೆಯಿಂದಲೇ. ಮಗಳ ಬಾಣಂತನಕ್ಕೆ ನಾನೂ ಮನೆಯವಳೂ ಮಿಷಿಗನ್ ರಾಜ್ಯದ ಆನ್ ಆರ್ಬರಿಗೆ ಹೋಗಿ ಆರು ತಿಂಗಳು ಇದ್ದೆವು. ಅಲ್ಲಿನ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. 2011ರ ಜನಗಣತಿಯ ಲೆಕ್ಕ ಹಿಡಿದರೆ ನಮ್ಮ ಕಾರವಾರ ಪಟ್ಟಣದ ಅಷ್ಟೂ ಜನ ಕೂತ ಮೇಲೂ ಜಾಗ ಉಳಿಯುತ್ತದೆ. ಪಂದ್ಯದ ಶನಿವಾರ ಬಂತೆಂದರೆ ಊರೆಲ್ಲ ನಿಮ್ಮ ಮಾರಿಕಾಂಬೆ ಜಾತ್ರೆಯ ದಿನದ ಹಾಗೆ.

ಮೊದಲ ಕೆಲವು ವಾರ ನನಗೂ ಕಂಡದ್ದು ರಾಶಿ ಮಾತ್ರ. ಯಾಕೆಂದರೆ ನಾನು ಚೆಂಡನ್ನೇ ನೋಡುತ್ತಿದ್ದೆ. ಡಿಫೆನ್ಸ್, ಅಂದರೆ ತಡೆಯುವವರ ಆಟ, ಅರ್ಥ ಆಗಬೇಕಾದರೆ ಚೆಂಡಿನ ಮೇಲಿಂದ ಕಣ್ಣು ತೆಗೆಯಬೇಕು.

ಲೆಕ್ಕ ಸುಲಭ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತದೆ. 10 ಗಜ ಅಂದರೆ ಗಂಡಸರ ಕಬಡ್ಡಿ ಅಂಕಣದ ಅಗಲಕ್ಕಿಂತ ಸ್ವಲ್ಪ ಕಡಿಮೆ. ಅಷ್ಟು ಜಾಗ ಬಿಟ್ಟುಕೊಡದೇ ಇರುವುದೇ ಡಿಫೆನ್ಸಿನವರ ಕೆಲಸ. ಅದಕ್ಕಾಗಿ ಅವರು ಮೂರು ಸಾಲಾಗಿ ನಿಲ್ಲುತ್ತಾರೆ.

ಎಲ್ಲರಿಗಿಂತ ಮುಂದೆ, ನೆಲಕ್ಕೆ ಕೈ ಊರಿ ಬಗ್ಗಿ ನಿಂತವರು ಡಿಫೆನ್ಸಿವ್ ಲೈನ್. ನಡುವೆ ಇರುವವರು ಡಿಫೆನ್ಸಿವ್ ಟ್ಯಾಕಲ್. ಚೆಂಡಿನ ಎದುರಿಗೇ ನಿಂತವನಿಗೆ ನೋಸ್ ಟ್ಯಾಕಲ್ ಅನ್ನುತ್ತಾರೆ. ಇವರಲ್ಲಿ 300 ಪೌಂಡ್, ಅಂದರೆ 136 ಕಿಲೋ ದಾಟಿದವರು ಸಾಮಾನ್ಯ. ಇವರು ಏನೂ ಮಾಡುವುದಿಲ್ಲ, ಸುಮ್ನೆ ತಳ್ಳಾಡುತ್ತಾರೆ ಎಂದು ನಾನು ತಿಳಿದಿದ್ದೆ.

ಮಗಳ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದರು. ಹೈಸ್ಕೂಲಿನಲ್ಲಿ ಲೈನ್‌ನಲ್ಲೇ ಆಡಿದವರು. ಒಂದು ಸಂಜೆ ಅವರು ಪಂದ್ಯದ ರೆಕಾರ್ಡಿಂಗ್ ಹಾಕಿ ಒಂದು ಕಡೆ ನಿಲ್ಲಿಸಿದರು. ರಿಮೋಟಿನ ತುದಿಯಿಂದ ಟಿವಿಯ ಗಾಜಿನ ಮೇಲೆ ಒಬ್ಬನ ಮೊಣಕಾಲು ತೋರಿಸಿದರು. ನೋಸ್ ಟ್ಯಾಕಲ್. ಚೆಂಡು ಇರುವ ತಂಡದ ಮುಂದಿನ ಸಾಲಿನ ನಡುವೆ ನಿಂತ ಸೆಂಟರ್ ಮತ್ತು ಅವನ ಪಕ್ಕದ ಗಾರ್ಡ್ ಇಬ್ಬರೂ ಸೇರಿ ಅವನನ್ನು ಹಿಂದಕ್ಕೆ ನೂಕುತ್ತಿದ್ದರು. ಅವನು ಒಂದು ಮೊಣಕಾಲನ್ನು ಹುಲ್ಲಿಗೆ ಒತ್ತಿ, ಭುಜ ತಗ್ಗಿಸಿ, ಬೇರು ಬಿಟ್ಟವನ ಹಾಗೆ ಕೂತೇಬಿಟ್ಟ. ಆ ಗಾರ್ಡ್ ನಿಜವಾಗಿ ಇವನನ್ನು ಬಿಟ್ಟು ಹಿಂದೆ ನಿಂತ ಮೈಕ್‌ನನ್ನು ತಡೆಯಲು ಹೋಗಬೇಕಿತ್ತು. ಮೈಕ್ ಅನ್ನುವುದು ಆಟಗಾರನ ಹೆಸರಲ್ಲ, ಅವನು ನಿಲ್ಲುವ ಜಾಗದ ಹೆಸರು, ಮುಂದೆ ಹೇಳುತ್ತೇನೆ. ಬಿಟ್ಟರೆ ಇವನು ಒಳಗೆ ನುಗ್ಗುತ್ತಾನೆ, ಹಾಗಾಗಿ ಬಿಡಲಾಗಲಿಲ್ಲ. ಮೈಕ್‌ಗೆ ದಾರಿ ಖಾಲಿ ಸಿಕ್ಕಿತು. ಓಡಿ ಬಂದು ಚೆಂಡು ಹಿಡಿದವನನ್ನು ಒಂದೇ ಏಟಿಗೆ ಕೆಡವಿದ. ಕಾಮೆಂಟರಿಯವನು ಮೈಕ್‌ನ ಹೆಸರು ಕೂಗಿದ. ಹಿರಿಯರು ಮತ್ತೆ ಹಿಂದಕ್ಕೆ ತಂದರು, ಮತ್ತೆ ಆ ಮೊಣಕಾಲನ್ನೇ ತೋರಿಸಿದರು. ಐದಾರು ಸಲ ನೋಡಿದೆವು. ಲೆಕ್ಕದ ಪುಸ್ತಕದಲ್ಲಿ ಆ ಹುಡುಗನ ಹೆಸರಿನ ಮುಂದೆ ಏನೂ ಬರೆಯುವುದಿಲ್ಲ. ನನ್ನ ಕಣ್ಣಿಗೆ ಆ ದಿನದ ಆಟ ಅವನದೇ.

ಎದುರು ಸಾಲಿನ ಇಬ್ಬಿಬ್ಬರ ನಡುವಿನ ಸಂದಿಗೆ ಹೆಸರಿದೆ. ಸೆಂಟರ್ ಮತ್ತು ಗಾರ್ಡ್ ನಡುವಿನದು ಎ, ಗಾರ್ಡ್ ಮತ್ತು ಅವನ ಪಕ್ಕದ ಟ್ಯಾಕಲ್ (ಆ ತಂಡದಲ್ಲೂ ಟ್ಯಾಕಲ್ ಎಂಬವರಿದ್ದಾರೆ) ನಡುವಿನದು ಬಿ, ಅದರಾಚೆ ಸಿ. ಪ್ರತಿ ಸಂದಿಗೂ ಒಬ್ಬ ಜವಾಬ್ದಾರ ಇರುತ್ತಾನೆ. ಒಬ್ಬ ತನ್ನ ಸಂದಿ ಬಿಟ್ಟು ಚೆಂಡಿನ ಹಿಂದೆ ಹೋದರೆ ಅಲ್ಲೇ ಬಾಗಿಲು ತೆರೆಯುತ್ತದೆ.

ಸಾಲಿನ ಎರಡು ತುದಿಯಲ್ಲಿ ನಿಲ್ಲುವವರು ಡಿಫೆನ್ಸಿವ್ ಎಂಡ್. ಇವರಿಗೆ ಎರಡು ಕೆಲಸ. ಒಂದು, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಅವನು ಎಸೆಯುವ ಮೊದಲೇ ಹೋಗಿ ಹಿಡಿಯುವುದು. ಹಿಡಿದು ಕೆಡವಿದರೆ ಅದಕ್ಕೆ ಸ್ಯಾಕ್ ಎನ್ನುತ್ತಾರೆ. ಇನ್ನೊಂದು ಕೆಲಸ ನನಗೆ ಜಾಸ್ತಿ ಇಷ್ಟ: ಯಾರೂ ತನ್ನ ಹೊರಗಿನಿಂದ ಸುತ್ತಿ ಹೋಗದಂತೆ ನೋಡಿಕೊಳ್ಳುವುದು. ನೀವು ಘಟ್ಟದ ಮೇಲಿನವರು, ರಂಪಣಿ ಎಳೆಯುವುದನ್ನು ನೋಡಿದ್ದೀರೋ ಇಲ್ಲವೋ. ದೋಣಿಯವರು ಬಲೆಯನ್ನು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ದಡದಲ್ಲಿ ಜನ ಎರಡು ಕಡೆ ನಿಂತು ಎರಡು ತುದಿಯ ಹಗ್ಗ ಎಳೆಯುತ್ತಾರೆ. ಒಂದು ತುದಿಯವರು ಸಡಿಲ ಬಿಟ್ಟರೆ ಬಂಗಡೆಯ ಹಿಂಡು ಆ ಕಡೆಯಿಂದಲೇ ಜಾರುತ್ತದೆ. ಎಂಡ್ ಹಿಡಿದಿರುವುದು ಆ ಹಗ್ಗ. ಅವನು ಒಳಗೆ ಆಸೆಪಟ್ಟು ನುಗ್ಗಿದರೆ ತುದಿ ಸಡಿಲವಾಯಿತು. 2021ರಲ್ಲಿ ಮಿಷಿಗನ್‌ಗೆ ಆಡಿದ ಏಡನ್ ಹಚಿನ್‌ಸನ್ ಎಂಬ ಎಂಡ್ ನಿಮ್ಮ ಮಗನ ಕಾಲೇಜಿನ ಮೇಲಿನ ಒಂದೇ ಪಂದ್ಯದಲ್ಲಿ ಮೂರು ಸ್ಯಾಕ್ ಮಾಡಿದ. ಮಿಷಿಗನ್ 42-27ರಲ್ಲಿ ಗೆದ್ದಿತು. ಮಗನನ್ನು ಕೇಳಿ, ಅವನಿಗೆ ಗೊತ್ತಿರುತ್ತದೆ.

ಈಗ ನಿಮ್ಮ ಮೂವರು. ಇವರು ಲೈನ್‌ಬ್ಯಾಕರ್‌ಗಳು, ಮುಂದಿನ ಸಾಲಿನ ಹಿಂದೆ ನಾಲ್ಕೈದು ಗಜ ದೂರದಲ್ಲಿ ನೆಟ್ಟಗೆ ನಿಲ್ಲುವವರು. ಎದುರು ಸಾಲಿನ ಒಂದು ತುದಿಗೆ ಟೈಟ್ ಎಂಡ್ ಎಂಬ ಹೆಚ್ಚಿನ ಆಳು ನಿಂತರೆ ಆ ಕಡೆ ಸ್ಟ್ರಾಂಗ್, ಇನ್ನೊಂದು ಕಡೆ ವೀಕ್. ಸ್ಟ್ರಾಂಗ್‌ನ ಸಕಾರ ಸ್ಯಾಮ್, ಮಿಡ್ಲ್‌ನ ಮಕಾರ ಮೈಕ್, ವೀಕ್‌ನ ವಕಾರ ವಿಲ್. ಕನ್ನಡದಲ್ಲೂ ಅಕ್ಷರ ಹೊಂದುತ್ತದೆ ಅಲ್ವಾ! ಸ್ಯಾಮ್‌ಗೆ ಗುದ್ದಾಟ ಜಾಸ್ತಿ, ವಿಲ್‌ಗೆ ಓಟ ಜಾಸ್ತಿ. ಮೈಕ್ ಮನೆಯ ಯಜಮಾನ. ಎದುರಿನವರು ನಿಂತ ರೀತಿ ನೋಡಿ, ಕೂಗಿ ಕೂಗಿ ಉಳಿದವರನ್ನು ಸರಿಸುವವನು ಅವನೇ. 2024ರಿಂದ ದೊಡ್ಡ ಕಾಲೇಜುಗಳ ಪಂದ್ಯದಲ್ಲಿ ಡಿಫೆನ್ಸಿನ ಒಬ್ಬನ ಹೆಲ್ಮೆಟ್ಟಿನೊಳಗೆ ಕೋಚಿನ ಮಾತು ಕೇಳುವ ವ್ಯವಸ್ಥೆ ಬಂದಿದೆ. ಹೆಲ್ಮೆಟ್ಟಿನ ಹಿಂದೆ ಹಸಿರು ಚುಕ್ಕೆ ಇರುತ್ತದೆ. ಹೆಚ್ಚಾಗಿ ಅದು ಲೈನ್‌ಬ್ಯಾಕರ್ ಒಬ್ಬನ ತಲೆಯ ಮೇಲಿರುತ್ತದೆ. ಪ್ರತಿ ಅವಕಾಶ ಶುರು ಮಾಡಲು ಕೊಡುವ ಸಮಯದ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ಮಾತು ಬಂದ್. ಆಮೇಲೆ ಎಲ್ಲ ಅವನ ಬುದ್ಧಿಯ ಮೇಲೆ.

ಪ್ರಶ್ನೆ: 4-3, 3-4 ಎಂದು ಹೇಳುತ್ತಿರುತ್ತಾರೆ. ಅದು ಸ್ಕೋರ್ ಅಲ್ಲವಂತೆ. ಮತ್ತೇನು?
ಕುಮಟಾದಿಂದ ಒಬ್ಬ ವಿದ್ಯಾರ್ಥಿ

ಉತ್ತರ: ಮೊದಲ ಅಂಕಿ ಮುಂದಿನ ಸಾಲಿನವರು, ಎರಡನೆಯದು ಲೈನ್‌ಬ್ಯಾಕರ್‌ಗಳು. ಉಳಿದ ನಾಲ್ಕು ಜನ ಹಿಂದೆ. ಈಗ ಕಾಲೇಜುಗಳಲ್ಲಿ ಎದುರು ತಂಡ ಆಟಗಾರರನ್ನು ಮೈದಾನದ ಅಗಲಕ್ಕೂ ಹರಡಿ ನಿಲ್ಲಿಸುತ್ತದೆ. ಆದ್ದರಿಂದ ಒಬ್ಬ ಲೈನ್‌ಬ್ಯಾಕರನನ್ನು ತೆಗೆದು ಹಿಂದೆ ಐದನೆಯವನನ್ನು ಹಾಕುತ್ತಾರೆ, 4-2-5. ಆ ಐದನೆಯವನಿಗೆ ನಿಕ್ಕಲ್ ಎಂದು ಹೆಸರು. ಅಮೆರಿಕದಲ್ಲಿ ಐದು ಸೆಂಟಿನ ನಾಣ್ಯವನ್ನು ಹಾಗೆ ಕರೆಯುತ್ತಾರೆ.

ಪ್ರಶ್ನೆ: ಸರ್, ನಾನು ನಮ್ಮ ಊರ ತಂಡಕ್ಕೆ ಕಬಡ್ಡಿಯಲ್ಲಿ ಬಲ ಕಾರ್ನರ್ ಆಡುತ್ತೇನೆ. ಅವರಲ್ಲೂ ಕಾರ್ನರ್ ಇದ್ದಾನಂತೆ. ನಮ್ಮ ಹಾಗೆಯೇ ಇರುತ್ತದಾ?
ಅಂಕೋಲಾದ ಒಬ್ಬ ಆಟಗಾರ

ಉತ್ತರ: ತಮ್ಮಾ, ಹೆಸರು ಒಂದೇ, ನಿಲ್ಲುವ ಜಾಗವೂ ತುದಿಯೇ. ಕೆಲಸ ಬೇರೆ. ನೀನು ರೈಡರನ ಕಾಲಿಗೆ ಕಾದು ಕೂರುತ್ತೀಯ, ಅವನು ನಿನ್ನ ಅಂಕಣಕ್ಕೆ ಬರಲೇಬೇಕು. ಕಾರ್ನರ್‌ಬ್ಯಾಕ್ ಎದುರಿನ ವೈಡ್ ರಿಸೀವರನ, ಅಂದರೆ ಎಸೆದ ಚೆಂಡು ಹಿಡಿಯಲು ಓಡುವವನ, ಜೊತೆ ಓಡಬೇಕು. ಎಲ್ಲಿಗೆ ಓಟ ಎಂದು ರಿಸೀವರನಿಗೆ ಮೊದಲೇ ಗೊತ್ತು. ಇವನಿಗೆ ಗೊತ್ತಿಲ್ಲ. ಮೊದಲ ಹೆಜ್ಜೆಗಳನ್ನು ಹಿಮ್ಮುಖವಾಗಿ ಹಾಕಬೇಕು, ಆಮೇಲೆ ತಿರುಗಿ ಅವನಷ್ಟೇ ಜೋರು ಓಡಬೇಕು. ಕಣ್ಣು ಮಾತ್ರ ಎರಡೂ ಆಟದಲ್ಲಿ ಒಂದೇ ಕಡೆ. ರೈಡರನ ಕೈ ನೋಡಬೇಡ, ಸೊಂಟ ನೋಡು ಎಂದು ನಾವು ಕಲಿಸುತ್ತೇವಲ್ಲ, ಅಲ್ಲಿಯೂ ಅದೇ ಪಾಠ. ಕೈ, ತಲೆ, ಕಣ್ಣು ಸುಳ್ಳು ಹೇಳಬಹುದು. ಸೊಂಟ ತಿರುಗಿದ ಕಡೆಗೇ ಮನುಷ್ಯ ಹೋಗುವುದು.

ನಿಮ್ಮ ಕವರ್‌ನವರಿಗೆ ಹತ್ತಿರದವರು ಅಲ್ಲಿ ಸೇಫ್ಟಿ. ಎಲ್ಲರಿಗಿಂತ ಹಿಂದೆ ಇಬ್ಬರು. ಒಬ್ಬ ಆಳದಲ್ಲಿ ನಿಂತು ಇಡೀ ಮೈದಾನ ಕಾಯುವವನು, ಅವನನ್ನು ಫ್ರೀ ಸೇಫ್ಟಿ ಎನ್ನುತ್ತಾರೆ. ಇನ್ನೊಬ್ಬ ಮುಂದೆ ಬಂದು ಓಟಗಾರನನ್ನೂ ಕೆಡವುವವನು, ಸ್ಟ್ರಾಂಗ್ ಸೇಫ್ಟಿ. ಇವರನ್ನು ದಾಟಿದರೆ ಮುಂದೆ ಯಾರೂ ಇಲ್ಲ. ಒಮ್ಮೊಮ್ಮೆ ಒಬ್ಬೊಬ್ಬರು ಒಬ್ಬೊಬ್ಬನನ್ನು ಹಿಡಿಯುತ್ತಾರೆ. ಒಮ್ಮೊಮ್ಮೆ ಮೈದಾನವನ್ನೇ ಪಾಲು ಮಾಡಿಕೊಂಡು, ತಮ್ಮ ಪಾಲಿಗೆ ಬಂದವನನ್ನು ಮಾತ್ರ ನೋಡಿಕೊಳ್ಳುತ್ತಾರೆ.

ಒಳ್ಳೆಯ ಕಾರ್ನರನ ಕಡೆಗೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನೇ ಎಸೆಯುವುದಿಲ್ಲ. ಎಸೆಯದಿದ್ದರೆ ಅವನು ಹಿಡಿಯುವುದೆಲ್ಲಿ, ತಟ್ಟುವುದೆಲ್ಲಿ? ಪಂದ್ಯ ಮುಗಿದಾಗ ಅವನ ಲೆಕ್ಕ ಸೊನ್ನೆ. ಇದು ತಿಳಿದ ದಿನ ನನಗೆ ಹಳೆಯದೊಂದು ನೆನಪಾಗಿ ನಿದ್ದೆ ಬರಲಿಲ್ಲ. ನನ್ನ ಶಾಲೆಯಲ್ಲಿ ಒಬ್ಬ ಹುಡುಗ ಬಲ ಕಾರ್ನರ್ ಆಡುತ್ತಿದ್ದ. ಆ ವರ್ಷ ಅವನ ಪಾಯಿಂಟು ಬಹಳ ಕಡಿಮೆ. ತಾಲೂಕು ಮಟ್ಟದ ಪಂದ್ಯಕ್ಕೆ ನಾನು ಅವನನ್ನು ಕೈಬಿಟ್ಟು ಇನ್ನೊಬ್ಬನನ್ನು ಹಾಕಿದೆ. ಎದುರಿನ ರೈಡರ್ ಮೊದಲ ನಿಮಿಷದಿಂದ ಅದೇ ಬದಿಗೆ ನುಗ್ಗಿದ, ಮೇಲಿಂದ ಮೇಲೆ ಬೋನಸ್ ತಗೊಂಡ. ಇಷ್ಟು ದಿನ ಯಾವ ರೈಡರನೂ ಆ ಕಡೆ ಕಾಲು ಇಡದೇ ಇದ್ದದ್ದು ಯಾಕೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಹುಡುಗ ಗೆರೆಯ ಹೊರಗೆ ಚಪ್ಪಲಿ ಕಾಯುತ್ತಾ ಕೂತಿದ್ದ. ಅವನಿಗೆ ನಾನು ಮಾಡಿದ್ದು ತಪ್ಪು. ಊರಿಗೆ ಬಂದ ಮೇಲೆ ಹುಡುಕಿಕೊಂಡು ಹೋಗಿ ಅವನಿಗೆ ಹೇಳಿದೆ. ಈಗ ಅವನಿಗೆ ಇಬ್ಬರು ಮಕ್ಕಳು.

ಅಮೆರಿಕದಲ್ಲೂ ಇದೇ ಕಥೆ. ಕಾಲೇಜು ಆಟಗಾರರಿಗೆ ಕೊಡುವ ಅತಿ ದೊಡ್ಡ ಪ್ರಶಸ್ತಿ ಹೈಸ್‌ಮನ್. 1935ರಿಂದ ಕೊಡುತ್ತಿದ್ದಾರೆ. ಮುಖ್ಯವಾಗಿ ಡಿಫೆನ್ಸ್ ಆಡುವವನಿಗೆ ಅದು ಮೊದಲ ಸಲ ಸಿಕ್ಕಿದ್ದು 1997ರಲ್ಲಿ, ಮಿಷಿಗನ್‌ನ ಕಾರ್ನರ್ ಚಾರ್ಲ್ಸ್ ವುಡ್‌ಸನ್‌ಗೆ. 2024ರಲ್ಲಿ ಕೊಲರಾಡೋದ ಟ್ರಾವಿಸ್ ಹಂಟರ್ ಗೆದ್ದ. ಅವನು ಕಾರ್ನರೂ ಹೌದು, ರಿಸೀವರೂ ಹೌದು. ಸಾಲಿನ ನಡುವಿನ ಟ್ಯಾಕಲ್‌ಗಳಿಗಂತೂ ಇವತ್ತಿನವರೆಗೆ ಅದು ಸಿಕ್ಕಿಲ್ಲ. ನನಗೆ ಇದು ಅನ್ಯಾಯ ಎನ್ನಿಸುತ್ತದೆ.

ಪ್ರಶ್ನೆ: ಕಾಲೇಜಿನ ಆಟಕ್ಕೂ ದುಡ್ಡಿಗೆ ಆಡುವ ಎನ್‌ಎಫ್‌ಎಲ್‌ಗೂ ಡಿಫೆನ್ಸಿನಲ್ಲಿ ಏನು ವ್ಯತ್ಯಾಸ?
ಕಾರವಾರದ ಓದುಗರು

ಉತ್ತರ: ಮೈದಾನದ ಅಗಲ ಎರಡರಲ್ಲೂ 160 ಅಡಿ. ಮಧ್ಯದಲ್ಲಿ ಎರಡು ಸಾಲು ಚಿಕ್ಕ ಗೆರೆ ಇರುತ್ತದೆ, ಆಟ ಶುರುವಾಗುವುದು ಅವುಗಳ ನಡುವೆಯೇ. ಕಾಲೇಜಿನಲ್ಲಿ ಆ ಎರಡು ಸಾಲಿನ ನಡುವೆ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು. ಇದು ಸಣ್ಣ ಸಂಗತಿ ಅಲ್ಲ. ಕಾಲೇಜಿನಲ್ಲಿ ಚೆಂಡು ಒಂದು ಗೆರೆಯ ಮೇಲಿದ್ದರೆ ಒಂದು ಬದಿಗೆ 60 ಅಡಿ, ಇನ್ನೊಂದು ಬದಿಗೆ 100 ಅಡಿ ಬಯಲು. ಅದಕ್ಕೇ ಅನೇಕ ಕಾಲೇಜು ತಂಡಗಳು ಕಾರ್ನರ್‌ಗಳನ್ನು ಎಡ ಬಲ ಎಂದು ಹಂಚದೆ, ಒಬ್ಬನನ್ನು ಅಗಲದ ಬದಿಗೆ, ಒಬ್ಬನನ್ನು ಇಕ್ಕಟ್ಟಿನ ಬದಿಗೆ ಇಡುತ್ತವೆ. ಚೆಂಡು ಸರಿದರೆ ಅವರಿಬ್ಬರೂ ಜಾಗ ಬದಲಿಸುತ್ತಾರೆ.

ಇನ್ನೊಂದು ಕಷ್ಟ ಲೈನ್‌ಬ್ಯಾಕರನದು. ಅವನು ಎದುರಿನ ಗಾರ್ಡ್‌ನ ಹೆಜ್ಜೆ ನೋಡಿ, ಓಟವೋ ಎಸೆತವೋ ತೀರ್ಮಾನಿಸುತ್ತಾನೆ. ಎಸೆತವಿದ್ದರೆ ಗಾರ್ಡ್ ಮುಂದೆ ಹೋಗುವ ಹಾಗಿಲ್ಲ. ಎನ್‌ಎಫ್‌ಎಲ್‌ನಲ್ಲಿ ಅದಕ್ಕೆ 1 ಗಜದ ರಿಯಾಯಿತಿ, ಕಾಲೇಜಿನಲ್ಲಿ 3 ಗಜ. ಹಾಗಾಗಿ ಕಾಲೇಜಿನಲ್ಲಿ ಗಾರ್ಡ್ ಓಟದವನ ಹಾಗೇ ಮುಂದೆ ಬರುತ್ತಾನೆ, ಲೈನ್‌ಬ್ಯಾಕರ್ ನಂಬಿ ಮುಂದೆ ನುಗ್ಗುತ್ತಾನೆ, ಚೆಂಡು ಅವನ ಬೆನ್ನ ಹಿಂದೆ ಬೀಳುತ್ತದೆ. ಕಾಲೇಜಿನ ಹುಡುಗರು ಇದರಲ್ಲಿ ಮೋಸ ಹೋದಾಗ ಬೈಯಬೇಡಿ. 20 ವರ್ಷದ ಹುಡುಗರಿಗೆ ಅದು ನಿಜವಾಗಿ ಬಹಳ ಕಠಿಣ.

ಡಿಫೆನ್ಸಿಗೆ ಅನುಕೂಲವಾದ ನಿಯಮವೂ ಇದೆ. ಚೆಂಡು ಹಿಡಿದವನ ಮೊಣಕಾಲು ತಾನಾಗಿ ನೆಲಕ್ಕೆ ತಾಗಿದರೂ ಕಾಲೇಜಿನಲ್ಲಿ ಆಟ ಅಲ್ಲಿಗೇ ನಿಲ್ಲುತ್ತದೆ. ಎನ್‌ಎಫ್‌ಎಲ್‌ನಲ್ಲಿ ಎದುರಾಳಿ ಮುಟ್ಟಿರಲೇಬೇಕು.

ಪ್ರಶ್ನೆ: ಪಂದ್ಯ ಶುರುವಾಗುವುದು ಮಲಗುವ ಹೊತ್ತಿಗೆ. ಪೂರ್ತಿ ನೋಡಲು ಆಗುವುದಿಲ್ಲ. ಯಾವಾಗ, ಏನನ್ನು ನೋಡಲಿ?
ಹೊನ್ನಾವರದಿಂದ ಒಬ್ಬ ಗೃಹಿಣಿ

ಉತ್ತರ: ಅಲ್ಲಿ ಪೂರ್ವ ತೀರದ ಮಧ್ಯಾಹ್ನ 12ರ ಪಂದ್ಯ ನಮಗೆ ರಾತ್ರಿ 9.30ಕ್ಕೆ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದೆ ಹಾಕಿದ ಮೇಲೆ 10.30ಕ್ಕೆ. ಅರ್ಧ ಗಂಟೆ ನೋಡಿದರೂ ಸಾಕು. ಮೂರನೇ ಅವಕಾಶ ಬಂದು ಇನ್ನೂ ಏಳೆಂಟು ಗಜ ಬಾಕಿ ಇದ್ದಾಗ ಕಣ್ಣು ಬಿಟ್ಟು ನೋಡಿ. ಆಗ ಎಸೆತವೇ ಜಾಸ್ತಿ, ಡಿಫೆನ್ಸಿನವರು ಆಟಗಾರರನ್ನು ಬದಲಿಸಿ ಓಡೋಡಿ ಬರುತ್ತಾರೆ. ಒಬ್ಬನ ನಂಬರ್ ಆರಿಸಿಕೊಳ್ಳಿ. ಡಿಫೆನ್ಸಿವ್ ಎಂಡ್ ಆದರೆ ಒಳ್ಳೆಯದು, ತುದಿಯಲ್ಲಿರುವುದರಿಂದ ಕಣ್ಣಿಗೆ ಬೇಗ ಸಿಗುತ್ತಾನೆ. ಹತ್ತು ಅವಕಾಶ ಮುಗಿಯುವ ತನಕ ಅವನನ್ನೇ ನೋಡಿ. ಮುಂದಿನ ವಾರ ನಡುವಿನವನನ್ನು ನೋಡಿ, ಅವನ ಮೊಣಕಾಲು, ಅವನ ಭುಜ, ಅವನ ಮೇಲೆ ಎಷ್ಟು ಜನ ಬಿದ್ದರು ಎಂದು ಎಣಿಸಿ. ಇಬ್ಬರು ಬಿದ್ದಿದ್ದರೆ ಅವನ ಹಿಂದೆ ಯಾರು ಖಾಲಿ ನಿಂತಿದ್ದಾನೆ ಹುಡುಕಿ, ಮುಂದಿನ ಪತ್ರದಲ್ಲಿ ನನಗೂ ಬರೆಯಿರಿ.