ಆರ್ಲ್ಯಾಂಡೊದಲ್ಲಿ ಆ ಖುಲಾಸೆಯ ಮಾತು ಬಂದಾಗ

ಆತ್ಮೀಯರೇ,

ಆರ್ಲ್ಯಾಂಡೊಗೆ ಬಂದು ಮೂರು ತಿಂಗಳಾಯಿತೆಂದೂ, ಕಚೇರಿಯಲ್ಲಿ ಊಟದ ಹೊತ್ತಿಗೆ ಯಾರೋ, ಸ್ವಂತ ಮಗಳ ಕೊಲೆಯ ಆರೋಪದಿಂದ 2011ರಲ್ಲಿ ಖುಲಾಸೆಯಾದ ಕೇಸಿ ಆಂಥನಿಯ ಹೆಸರೆತ್ತಿದ ಕೂಡಲೇ ಅಲ್ಲಿಯವರೆಗೆ ಮಳೆ ಬಿಸಿಲಿನ ಮಾತಾಡುತ್ತಿದ್ದವರೆಲ್ಲ ಕೆರಳಿದರೆಂದೂ ಬರೆದಿದ್ದೀರಿ. ಮಗುವನ್ನು ಕೊಂದವಳನ್ನು ಹಾಗೆ ಹೇಗೆ ಬಿಟ್ಟರು, ಸರ್ಕಾರ ಮೇಲ್ಮನವಿ ಏಕೆ ಸಲ್ಲಿಸಲಿಲ್ಲ, ಇಂಥ ಮಾತು ಬಂದರೆ ಹೊಸಬನಾದ ನಾನು ಏನು ಹೇಳಬೇಕು ಎಂದು ಕೇಳಿದ್ದೀರಿ. ನಿಮ್ಮ ಹೆಸರಿಗೇ ಜ್ಯೂರಿ (ಮೊಕದ್ದಮೆ ಕೇಳಿ ತೀರ್ಪು ಕೊಡಲು ಸಾಮಾನ್ಯ ನಾಗರಿಕರಿಂದ ಆರಿಸಿದ ಮಂಡಳಿ) ಕರೆಯ ಪತ್ರ ಬಂದಿರುವುದನ್ನೂ ಗಾಬರಿಯಿಂದ ತಿಳಿಸಿದ್ದೀರಿ. ಪತ್ರದ ವಿಚಾರ ಕೊನೆಗೆ ಹೇಳುತ್ತೇನೆ. ಮೊದಲು ನೀವೇ ಬರೆದ 'ಕೊಂದವಳು' ಎಂಬ ಪದದ ಬಗ್ಗೆ ಒಂದು ಮಾತು. ಊಟದ ಮೇಜಿನಲ್ಲಿ ಕೇಳಿದ್ದನ್ನು ನೀವು ಹಾಗೆಯೇ ಬರೆದಿದ್ದೀರಿ. ನ್ಯಾಯಾಲಯ ಆ ಮಾತನ್ನು ಎಂದೂ ಹೇಳಿಲ್ಲ.

ಜನರ ಸಿಟ್ಟಿಗೆ ಕಾರಣವಿಲ್ಲದಿರಲಿಲ್ಲ. 2008ರ ಜೂನ್ ಮಧ್ಯದಲ್ಲಿ ಕಾಣೆಯಾದ, ಇನ್ನೂ ಮೂರು ತುಂಬದ ಕೇಲಿ ಎಂಬ ಮಗುವಿನ ಬಗ್ಗೆ ಪೊಲೀಸರಿಗೆ ದೂರು ಹೋದದ್ದು 31 ದಿನಗಳ ನಂತರ, ಅದೂ ಅಜ್ಜಿಯಿಂದ. ತಾಯಿ ಹೇಳಿದ್ದೆಲ್ಲ ಸುಳ್ಳಿನ ಸರಮಾಲೆ: ಅಸ್ತಿತ್ವದಲ್ಲೇ ಇಲ್ಲದ ದಾದಿಯೊಬ್ಬಳ ಬಳಿ ಮಗು ಇದೆ ಎಂದಳು, ತಾನು ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಕೆಲಸದಲ್ಲಿದ್ದೇನೆ ಎಂದು ಹೇಳಿ ತನಿಖಾಧಿಕಾರಿಗಳನ್ನು ಅಲ್ಲಿಗೇ ಕರೆದೊಯ್ದು, ಕಟ್ಟಡದೊಳಗೆ ಒಂದಷ್ಟು ದೂರ ನಡೆಸಿ, ಕೊನೆಗೆ ನಡುಹಾದಿಯಲ್ಲಿ ನಿಂತು ತನಗೆ ಅಲ್ಲಿ ಕೆಲಸವೇ ಇಲ್ಲವೆಂದು ಒಪ್ಪಿಕೊಂಡಳು. ಅದೇ ಡಿಸೆಂಬರಿನಲ್ಲಿ ಮನೆಗೆ ಸಮೀಪದ ಕುರುಚಲು ಕಾಡಿನಲ್ಲಿ ಮಗುವಿನ ಅಸ್ಥಿಗಳು ಸಿಕ್ಕವು. 2011ರ ಮೇ ತಿಂಗಳಲ್ಲಿ ವಿಚಾರಣೆ ಆರಂಭವಾದಾಗ, ನಗರದ ನಡುವೆ ಇರುವ ಆರೆಂಜ್ ಕೌಂಟಿ ನ್ಯಾಯಾಲಯದ ಕಟ್ಟಡದ ಮುಂದೆ ಒಳಗೆ ಜಾಗ ಗಿಟ್ಟಿಸಲು ಜನ ಬೆಳಗಿನ ಜಾವವೇ ಸಾಲುಗಟ್ಟುತ್ತಿದ್ದರು. ಒಂದು ದಿನ ಸಾಲಿನಲ್ಲಿ ಕೈ ಕೈ ಮಿಲಾಯಿಸಿದ್ದೂ ಉಂಟು.

ಜುಲೈ 5ರ ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ತೀರ್ಪು ಬಂದಿತು. ಹನ್ನೆರಡು ಜನ ಜ್ಯೂರಿ ಸದಸ್ಯರು ಹನ್ನೊಂದು ಗಂಟೆಗಳಿಗಿಂತ ಕಡಿಮೆ ಸಮಯ ಚರ್ಚಿಸಿ, ಕೊಲೆಯ ಆರೋಪದಿಂದ ಆಕೆಯನ್ನು ಖುಲಾಸೆಗೊಳಿಸಿ, ಪೊಲೀಸರಿಗೆ ಸುಳ್ಳು ಹೇಳಿದ ನಾಲ್ಕು ಸಣ್ಣ ಅಪರಾಧಗಳಲ್ಲಿ ಮಾತ್ರ ತಪ್ಪಿತಸ್ಥೆ ಎಂದರು. ಆ ರಾತ್ರಿ ಒಂಬತ್ತು ಗಂಟೆಗೆ ಮಗುವಿನ ನೆನಪಿಗೆ ಪ್ರತಿ ಮನೆಯವರೂ ಮುಂಬಾಗಿಲ ದೀಪ ಹಚ್ಚಬೇಕೆಂಬ ಕರೆ ಬಾಯಿಂದ ಬಾಯಿಗೆ ಹಬ್ಬಿತು. ನಮ್ಮ ಬೀದಿಯಲ್ಲಿ, ಅದುವರೆಗೆ ಒಬ್ಬರ ಮುಖ ಒಬ್ಬರು ನೋಡದಿದ್ದವರೂ ಹೊರಗೆ ಬಂದು ನಿಂತಿದ್ದರು. ನಾವೂ ದೀಪ ಹಚ್ಚಿದೆವು.

ಹಾಸನದ ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿ ನಿವೃತ್ತರಾಗಿದ್ದ ನಮ್ಮ ಮಾವನವರು ಆ ಬೇಸಿಗೆಯಲ್ಲಿ ನಮ್ಮೊಡನೆ ಇದ್ದರು. ಮರುವಾರ ಪರಿಚಿತರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ಎಲೆಯ ಮುಂದೆ ಕುಳಿತ ಕನ್ನಡಿಗರೆಲ್ಲ ಜ್ಯೂರಿಯವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಾಗ ಅವರು ಸಪಾದ ಭಕ್ಷ್ಯವನ್ನು ಪಕ್ಕಕ್ಕೆ ಸರಿಸಿ, "ಮಗು ಸತ್ತದ್ದು ಹೇಗೆ ಅಂತ ಡಾಕ್ಟರು ಬರೆದಿದ್ದರು?" ಎಂದು ಒಂದೇ ಪ್ರಶ್ನೆ ಕೇಳಿದರು. ಯಾರೋ ನರಹತ್ಯೆ ಎಂದು ಬರೆದಿದ್ದಾರೆ ಎಂದರು. "ಅದು ಸರಿ, ಹೇಗೆ?" ಎಂದರು. ಯಾರಿಗೂ ಉತ್ತರ ಹೊಳೆಯಲಿಲ್ಲ, ಏಕೆಂದರೆ ವೈದ್ಯಾಧಿಕಾರಿಗಳು ಸಾವಿನ ಕಾರಣವನ್ನು ನಿರ್ಧರಿಸಲಾಗಿಲ್ಲವೆಂದೇ ಬರೆದಿದ್ದರು. ಪ್ರಾಸಿಕ್ಯೂಷನ್‌ನವರು ಕ್ಲೋರೋಫಾರ್ಮ್ ಮತ್ತು ಅಂಟುಪಟ್ಟಿಯ ಕಥೆ ಹೇಳಿದರು, ಪ್ರತಿವಾದಿ ವಕೀಲರು ಮಗು ಮನೆಯ ಈಜುಕೊಳದಲ್ಲಿ ಮುಳುಗಿತೆಂದರು. ಮರಣದಂಡನೆ ಕೇಳುವಷ್ಟು ಗಟ್ಟಿಯಾದ ಪುರಾವೆ ಮಾತ್ರ ನಡುವೆ ಎಲ್ಲಿಯೂ ಇರಲಿಲ್ಲ. "ಹಾಗಿದ್ದರೆ ನಮ್ಮಲ್ಲೂ ಸಂಶಯದ ಲಾಭ ಕೊಡುತ್ತಿದ್ದರು, ಆಮೇಲೆ ಸರ್ಕಾರ ಹೈಕೋರ್ಟಿಗೆ ಹೋಗುತ್ತಿತ್ತು" ಎಂದು ಹೇಳಿ ಅವರು ಊಟ ಮುಂದುವರಿಸಿದರು.

ನಿಮ್ಮ ಎರಡನೆಯ ಪ್ರಶ್ನೆಯ ಉತ್ತರ ಇಲ್ಲಿಯೇ ಇದೆ. ಇಲ್ಲಿ ಸರ್ಕಾರ ಹೈಕೋರ್ಟಿಗೆ ಹೋಗುವಂತಿಲ್ಲ. ಅಮೆರಿಕದ ಸಂವಿಧಾನದ ಐದನೆಯ ತಿದ್ದುಪಡಿಯ ಪ್ರಕಾರ ಜ್ಯೂರಿ ಒಮ್ಮೆ ನಿರ್ದೋಷಿ ಎಂದರೆ ಆ ಆರೋಪ ಅಲ್ಲಿಗೆ ಮುಗಿಯಿತು. ನ್ಯಾಯಾಧೀಶರು ಅದನ್ನು ತಳ್ಳಿಹಾಕುವಂತಿಲ್ಲ, ನಾಳೆ ಹೊಸ ಸಾಕ್ಷಿ ಸಿಕ್ಕರೂ ಅದೇ ಆರೋಪದ ಮೇಲೆ ಮತ್ತೆ ಕಟಕಟೆಗೆ ಎಳೆಯುವಂತಿಲ್ಲ. ನಮ್ಮ ದೇಶದಲ್ಲಿಯೂ ಒಂದು ಕಾಲಕ್ಕೆ ಜ್ಯೂರಿ ಇತ್ತು, ಆದರೆ ಅದರ ಮಾತೇ ಕೊನೆಯಾಗಿರಲಿಲ್ಲ: ನೌಕಾಪಡೆಯ ಅಧಿಕಾರಿಯೊಬ್ಬರು ಕೊಲೆಯ ಆರೋಪಿಯಾಗಿದ್ದ 1959ರ ನಾನಾವತಿ ಪ್ರಕರಣದಲ್ಲಿ ಮುಂಬಯಿಯ ಜ್ಯೂರಿಯ ಒಂಬತ್ತು ಜನರಲ್ಲಿ ಎಂಟು ಜನ ನಿರ್ದೋಷಿ ಎಂದರೂ ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳುಹಿಸಿದರು, ಅಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆ ವ್ಯವಸ್ಥೆಯಲ್ಲಿ ಬೆಳೆದ ನಮಗೆ ಖುಲಾಸೆ ಎಂದರೆ ಮೊದಲ ಸುತ್ತು ಮಾತ್ರ, ಆದ್ದರಿಂದಲೇ ಇಲ್ಲಿನ ತೀರ್ಪು ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ.

ಸಿಟ್ಟು ನ್ಯಾಯಾಧೀಶರ ಕಡೆಗೆ ಹೋಗದೆ ಜ್ಯೂರಿಯವರ ಮೇಲೆ ತಿರುಗಿದ್ದು ನನ್ನನ್ನು ಹೆಚ್ಚು ಕಾಡಿದ ಸಂಗತಿ. ಆರ್ಲ್ಯಾಂಡೊದಲ್ಲಿ ಈ ಸುದ್ದಿ ನೋಡದವರೇ ಇಲ್ಲವೆಂದು ಅವರನ್ನು ಫ್ಲಾರಿಡಾದ ಪಶ್ಚಿಮ ಕರಾವಳಿಯ ಪಿನೆಲಸ್ ಕೌಂಟಿಯಿಂದ ಆರಿಸಿ ತಂದು, ವಾರಗಟ್ಟಲೆ ಹೋಟೆಲಿನಲ್ಲಿ ಮನೆಯವರಿಂದ ದೂರವಿಟ್ಟಿದ್ದರು. ಅವರು ಊರಿಗೆ ಮರಳುವ ಹೊತ್ತಿಗೆ ಅಲ್ಲಿನ ಒಂದು ಉಪಾಹಾರ ಗೃಹದ ಮುಂದೆ ಪಿನೆಲಸ್‌ನ ಜ್ಯೂರಿಯವರಿಗೆ ಸ್ವಾಗತವಿಲ್ಲ ಎಂಬ ಫಲಕ ನಿಂತಿತ್ತು. ಅವರ ಜೀವಕ್ಕೆ ಅಪಾಯವಾದೀತೆಂದು ನ್ಯಾಯಾಧೀಶ ಬೆಲ್ವಿನ್ ಪೆರಿ ಅವರು ಹೆಸರುಗಳನ್ನು ಅಕ್ಟೋಬರ್‌ವರೆಗೆ ಬಹಿರಂಗಪಡಿಸಲಿಲ್ಲ. ಸದಸ್ಯರಲ್ಲೊಬ್ಬರು ಟಿವಿಯಲ್ಲಿ, ಆಕೆ ಏನೂ ಮಾಡಿಲ್ಲವೆಂದು ತಾವು ಹೇಳಿಲ್ಲ, ಸಾಕ್ಷ್ಯ ಸಾಲಲಿಲ್ಲವೆಂದಷ್ಟೇ ಹೇಳಿದ್ದೇವೆ ಎಂದರು. ಕೇಳಿಸಿಕೊಳ್ಳುವ ವ್ಯವಧಾನ ಆಗ ಬಹಳ ಜನರಿಗೆ ಇರಲಿಲ್ಲ, ನನಗೂ ಇರಲಿಲ್ಲ.

ನನಗೆ ಅದು ಅರ್ಥವಾದದ್ದು ಪೌರತ್ವ ಪಡೆದ ಮೇಲೆ, ಒಂದು ಸಣ್ಣ ಕಳ್ಳತನದ ಮೊಕದ್ದಮೆಗೆ ಜ್ಯೂರಿ ಕರೆ ಬಂದಾಗ. ಆಯ್ಕೆಯ ಹೊತ್ತಿನಲ್ಲಿ ಆರೋಪಿಯ ವಕೀಲರು ನನ್ನ ಕಡೆ ತಿರುಗಿ, ಈ ಕ್ಷಣವೇ ತೀರ್ಪು ಕೊಡಬೇಕಾಗಿ ಬಂದರೆ ಏನು ಹೇಳುತ್ತೀರಿ ಎಂದು ಕೇಳಿದರು. ಇನ್ನೂ ಏನನ್ನೂ ಕೇಳಿಲ್ಲ, ಹೇಗೆ ಹೇಳಲಿ ಎಂದೆ. ಅವರು ನಕ್ಕು, ಏನೂ ಕೇಳಿಲ್ಲವಾದ್ದರಿಂದಲೇ ನಿರ್ದೋಷಿ ಎನ್ನಬೇಕು, ಏಕೆಂದರೆ ರುಜುವಾತು ಮಾಡುವ ಹೊರೆಯೆಲ್ಲ ಎದುರಿನ ಮೇಜಿನವರದು ಎಂದರು. ಎದುರಿನ ಮೇಜಿನ ಸರ್ಕಾರಿ ವಕೀಲರೂ ತಲೆಯಾಡಿಸಿದರು. ನನ್ನನ್ನು ಆರಿಸಲಿಲ್ಲ, ಬಿಡಿ. ಆದರೆ ಕನ್ನಡದಲ್ಲಿ ನಾವು 'ನಿರ್ದೋಷಿ' ಎಂದು ಬರೆಯುವುದು ಇಲ್ಲಿನ ತೀರ್ಪಿಗೆ ಸರಿಯಾದ ಪದವಲ್ಲವೆಂದು ಅಂದಿನಿಂದ ನನಗೆ ಅನ್ನಿಸುತ್ತಿದೆ. 'ದೋಷ ಸಾಬೀತಾಗಿಲ್ಲ' ಎಂಬುದು ಉದ್ದವಾದರೂ ಹೆಚ್ಚು ಹತ್ತಿರದ್ದು.

ಊಟದ ಮೇಜಿನಲ್ಲಿ ಏನು ಹೇಳಬೇಕೆಂದು ಕೇಳಿದ್ದೀರಿ. ಈ ಪ್ರಕರಣದ ಮಟ್ಟಿಗೆ, ಸಾವಿನ ಕಾರಣವೇ ಗೊತ್ತಾಗಲಿಲ್ಲವಂತೆ ಎಂದು ಮಾವನವರ ಪ್ರಶ್ನೆಯನ್ನೇ ಮೆಲ್ಲಗೆ ಕೇಳಿದರೆ ಯಾರೂ ತಪ್ಪು ತಿಳಿಯಲಾರರು. ಆದರೆ ಮಾತು ಪಕ್ಕದ ಸ್ಯಾನ್‌ಫರ್ಡ್ ಕಡೆಗೆ ಹೊರಳಿದರೆ ಕಿವಿಯಾಗಿರಿ. ಅಲ್ಲಿ 2012ರ ಫೆಬ್ರವರಿಯಲ್ಲಿ ಟ್ರೇವಾನ್ ಮಾರ್ಟಿನ್ ಎಂಬ ಹದಿನೇಳರ ನಿರಾಯುಧ ಕಪ್ಪು ಹುಡುಗನನ್ನು ಗುಂಡಿಕ್ಕಿ ಕೊಂದ ಜಾರ್ಜ್ ಜಿಮ್ಮರ್‌ಮನ್‌ನನ್ನು ಆರು ಜನ ಮಹಿಳೆಯರ ಜ್ಯೂರಿ 2013ರ ಜುಲೈ 13ರಂದು ಖುಲಾಸೆಗೊಳಿಸಿತು. ಗುಂಡು ಹಾರಿಸಿದವರಾರೆಂಬ ಬಗ್ಗೆ ಅಲ್ಲಿ ತಕರಾರೇ ಇರಲಿಲ್ಲ. ಅದು ಆತ್ಮರಕ್ಷಣೆಯೇ ಎಂಬುದಷ್ಟೇ ಪ್ರಶ್ನೆಯಾಗಿತ್ತು. 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' ಎಂಬ ಘೋಷಣೆ ಹುಟ್ಟಿದ್ದು ಆ ತೀರ್ಪಿನ ಬೆನ್ನಿಗೆ. ನನ್ನ ಪಕ್ಕದ ಮೇಜಿನ ಕಪ್ಪು ಸಹೋದ್ಯೋಗಿ ಆಮೇಲಿನ ಸೋಮವಾರ ತನ್ನ ಮಗನಿಗೆ ರಾತ್ರಿ, ಅಂದು ಆ ಹುಡುಗ ತೊಟ್ಟಿದ್ದಂಥ ಟೋಪಿಯಂಗಿ (ಹುಡಿ) ತೊಟ್ಟು ಹೊರಗೆ ಹೋಗಬೇಡವೆಂದು ಫೋನಿನಲ್ಲಿ ಹೇಳುತ್ತಿದ್ದುದನ್ನು ನಾನು ಕೇಳಿಸಿಕೊಂಡೆ. ಸಾಕ್ಷ್ಯ, ಸಂಶಯ, ಹೊರೆ ಎಂದು ನಾನು ಮೇಲೆ ಬರೆದದ್ದನ್ನೆಲ್ಲ ಆಕೆಗೆ ಹೇಳುವ ಧೈರ್ಯ ನನಗೆ ಇರಲಿಲ್ಲ, ಇಂದಿಗೂ ಇಲ್ಲ.

ಇನ್ನು ನಿಮ್ಮ ಪತ್ರ. ಫ್ಲಾರಿಡಾದಲ್ಲಿ ಜ್ಯೂರಿಯ ಹೆಸರುಗಳನ್ನು ಡ್ರೈವಿಂಗ್ ಲೈಸೆನ್ಸ್ ಮತ್ತು ಗುರುತಿನ ಚೀಟಿಯ ದಾಖಲೆಗಳಿಂದ ಎತ್ತುತ್ತಾರೆ, ಆದ್ದರಿಂದ ಎಚ್-1ಬಿ ವೀಸಾದಲ್ಲಿರುವವರಿಗೂ ಬರುತ್ತದೆ. ಪೌರರಲ್ಲದವರು ಜ್ಯೂರಿಯಲ್ಲಿ ಕೂರುವಂತಿಲ್ಲ, ಹಾಗೆಂದು ಪತ್ರವನ್ನು ಕಸದ ಬುಟ್ಟಿಗೆ ಹಾಕುವಂತೆಯೂ ಇಲ್ಲ. ಜೊತೆಗಿರುವ ನಮೂನೆಯಲ್ಲಿ ಅಮೆರಿಕದ ಪೌರನಲ್ಲ ಎಂಬ ಕಡೆ ಗುರುತು ಹಾಕಿ, ಸಹಿ ಮಾಡಿ, ಅದರಲ್ಲಿ ಸೂಚಿಸಿರುವ ದಿನದೊಳಗೆ ಹಿಂದಿರುಗಿಸಿ. ಒಂದು ಪ್ರತಿಯನ್ನು ನಿಮ್ಮ ಕಡತದಲ್ಲಿ ಇಟ್ಟುಕೊಳ್ಳಿ.