ಟ್ಯಾಂಕ್ ಗೇಮ್ ಲೇಖನ: ಇನ್ನೊಮ್ಮೆ ಬರೆದು ಕಳಿಸಿ

ಪ್ರಿಯರೇ,

ದಾವಣಗೆರೆಯಿಂದ ನೀವು ಕಳಿಸಿದ ಟ್ಯಾಂಕ್ ಗೇಮ್‌ಗಳ ಲೇಖನ ಪೂರ್ತಿ ಓದಿದೆ. ಈ ವಿಷಯದ ಮೇಲೆ ಕನ್ನಡದಲ್ಲಿ ಬರೆಯುವವರು ಕಡಿಮೆ, ಹಾಗಾಗಿ ಕವರ್ ಒಡೆದಾಗಲೇ ಖುಷಿಯಾಯಿತು. ಆದರೆ ಈಗಿರುವ ಹಾಗೆ ಅಚ್ಚು ಹಾಕಲಾರೆ. ಯಾಕೆಂದು ಬಿಡಿಸಿ ಹೇಳುತ್ತೇನೆ.

ಮೊದಲ ಮೂರು ಪ್ಯಾರಾ ಬರೀ ಕೋಟೆ, ಓಬವ್ವ, ಮದಕರಿ ನಾಯಕ. ಪತ್ರಿಕೆ ಚಿತ್ರದುರ್ಗದ್ದು ಅಂತ ಸೇರಿಸಿದಿರೇನೋ. ಒನಕೆಗೂ ಎರಡನೇ ಮಹಾಯುದ್ಧದ ಜರ್ಮನ್ ಟೈಗರ್ ಟ್ಯಾಂಕಿಗೂ ಸಂಬಂಧವಿಲ್ಲ, ತೆಗೆದುಬಿಡಿ. ಚಳ್ಳಕೆರೆಯಲ್ಲಿ ಟ್ಯಾಂಕ್ ಪರೀಕ್ಷೆ ಮಾಡುತ್ತಾರೆ ಎಂದದ್ದು ತಪ್ಪು. ಅಲ್ಲಿ 2017ರಲ್ಲಿ ಕೇಂದ್ರದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಶುರುಮಾಡಿದ್ದು ವಿಮಾನಗಳ ಪರೀಕ್ಷಾ ವಲಯ. ಪೈಲಟ್ ಇಲ್ಲದ ವಿಮಾನ ಹಾರಿಸಿ ನೋಡುವ ಜಾಗ. ನಮ್ಮ ಸೇನೆಯ ಅರ್ಜುನ್ ಟ್ಯಾಂಕ್ ರೂಪುಗೊಂಡದ್ದು ಚೆನ್ನೈ ಪಕ್ಕದ ಆವಡಿಯಲ್ಲಿ. ಚಳ್ಳಕೆರೆಯವರೇ ನಮ್ಮ ಓದುಗರು. ಇಂಥದ್ದೊಂದು ಕಣ್ಣಿಗೆ ಬಿದ್ದರೆ ಉಳಿದದ್ದನ್ನೂ ನಂಬುವುದಿಲ್ಲ.

2010ರ ‘ವರ್ಲ್ಡ್ ಆಫ್ ಟ್ಯಾಂಕ್ಸ್’ನಿಂದಲೇ ಟ್ಯಾಂಕ್ ಗೇಮ್ ಹುಟ್ಟಿತು ಅಂದಿದ್ದೀರಿ. 1980ರಲ್ಲೇ ‘ಬ್ಯಾಟಲ್‌ಜೋನ್’ ಇತ್ತು: ಕಪ್ಪು ಪರದೆ, ಹಸಿರು ಗೆರೆಗಳ ಬಯಲು, ಓಡಿಸಲು ಎರಡು ಲಿವರ್. 1985ರ ‘ಬ್ಯಾಟಲ್ ಸಿಟಿ’ ಟಿವಿಗೆ ಸಿಕ್ಕಿಸುವ ಕ್ಯಾಸೆಟ್ ಗೇಮ್‌ಗಳ ಕಾಲದಲ್ಲಿ ನಮ್ಮ ಊರುಗಳಿಗೂ ಬಂತು. ಇಟ್ಟಿಗೆ ಗೋಡೆ ಒಡೆಯುತ್ತಾ ಹದ್ದನ್ನು ಕಾಯುವ ಆಟ. ನಿಮ್ಮ ಅಣ್ಣಂದಿರನ್ನು ಕೇಳಿ, ನೆನಪು ಮಾಡಿಕೊಂಡಾರು.

ಆಮೇಲೆ ಪುಟಗಟ್ಟಲೆ ತೂಕ, ವೇಗ, ತೋಪಿನ ಅಳತೆ. ಅದರ ನಡುವೆ ಒಂದೇ ಒಂದು ಸಾಲು: ‘ಟ್ಯಾಂಕನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿದೆ, ಗುಂಡು ಚಿಮ್ಮಿ ಹೋಯಿತು.’ ನನಗೆ ಬೇಕಾದ ಲೇಖನ ಅಲ್ಲಿದೆ. ಯಾಕೆ ಚಿಮ್ಮಿತು? ಅದೇ ಯುದ್ಧದ ಸೋವಿಯತ್ ಟ್ಯಾಂಕ್ ಟಿ-34ರ ಮುಂಭಾಗದ ಉಕ್ಕು ಬರೀ 45 ಮಿ.ಮೀ. ದಪ್ಪ. ಆದರೆ ಅದನ್ನು ನೆಟ್ಟಗೆ ನಿಲ್ಲಿಸದೆ 60 ಡಿಗ್ರಿ ಹಿಂದಕ್ಕೆ ವಾಲಿಸಿದ್ದಾರೆ. ಎದುರಿನಿಂದ ನೇರ ಬರುವ ಗುಂಡು ಈಗ 90 ಮಿ.ಮೀ. ಉಕ್ಕು ದಾಟಬೇಕು. ಸೌತೆಕಾಯಿ ಓರೆಯಾಗಿ ಹೆಚ್ಚಿದರೆ ಬಿಲ್ಲೆ ಉದ್ದ ಬರುವುದಿಲ್ಲವೇ, ಹಾಗೆ. ಟೈಗರ್‌ನ 100 ಮಿ.ಮೀ. ಮುಂಗವಚ ಹೆಚ್ಚುಕಡಿಮೆ ನೆಟ್ಟಗಿದೆ. ಅದಕ್ಕೇ ಅದನ್ನು ಆಡುವವರು ಇಡೀ ಟ್ಯಾಂಕನ್ನೇ ತುಸು ತಿರುಗಿಸಿ ನಿಲ್ಲಿಸುತ್ತಾರೆ. ಜಾಸ್ತಿ ತಿರುಗಿಸಿದರೆ ತೆಳುವಾದ ಪಕ್ಕೆ ಶತ್ರುವಿನ ಕಣ್ಣಿಗೆ ಬೀಳುತ್ತದೆ. ಎಷ್ಟು ತಿರುಗಿಸಬೇಕು ಎನ್ನುವುದು ನಿಮ್ಮ ಕೈಗೆ ಗೊತ್ತು. ಅದನ್ನು ಬರೆಯಿರಿ, ಪುಟ ಎಷ್ಟಾದರೂ ಆಗಲಿ.

ಇನ್ನೊಂದು ಕಡೆ ನನಗೆ ನಿಜಕ್ಕೂ ಬೇಸರವಾಯಿತು. ‘ವರ್ಲ್ಡ್ ಆಫ್ ಟ್ಯಾಂಕ್ಸ್’, ‘ವಾರ್ ಥಂಡರ್’ ಎರಡನ್ನೂ ಆಡಿ, ‘ಎರಡೂ ಚೆನ್ನಾಗಿವೆ’ ಎಂದು ಮುಗಿಸಿದ್ದೀರಿ. ಮೊದಲನೆಯದರಲ್ಲಿ ಏಟು ಬಿದ್ದಷ್ಟೂ ಪಾಯಿಂಟ್ ಇಳಿಯುತ್ತದೆ, ಸೊನ್ನೆಗೆ ಬಂದರೆ ಟ್ಯಾಂಕ್ ಮುಗಿಯಿತು. ಎರಡನೆಯದರಲ್ಲಿ ಗುಂಡು ಒಳಹೊಕ್ಕ ಮೇಲೆ ಚೂರು ಯಾರಿಗೆ ತಾಗಿತು, ಚಾಲಕನಿಗೋ ತೋಪಿನವನಿಗೋ, ಎನ್ನುವುದರ ಮೇಲೆ ಎಲ್ಲ ನಿಂತಿದೆ. ಒಳಗೆ ಮನುಷ್ಯರಿದ್ದಾರೆ ಎಂದು ಈ ಗೇಮ್ ತೋರಿಸುತ್ತದೆ. ಮೊದಮೊದಲ ಟಿ-34ರಲ್ಲಿ ನಾಲ್ಕೇ ಜನ; ಕಮಾಂಡರನೇ ಗುರಿ ಹಿಡಿದು ತೋಪು ಹಾರಿಸಬೇಕಿತ್ತು, ಹೊರಗೆ ನೋಡಲು ಸಣ್ಣ ಕಿಂಡಿ. ನೀವೋ ಟ್ಯಾಂಕಿನ ಹಿಂದೆ, ಮೇಲಿನಿಂದ, ಸುತ್ತಲೂ ನೋಡುತ್ತಾ ಆಡುತ್ತೀರಿ. ಅವರಿಗೆ ಇಲ್ಲದ ಕಣ್ಣು ನಿಮಗಿದೆ. ಆಡುವಾಗ ಇದು ಎಂದಾದರೂ ಮನಸ್ಸಿಗೆ ಬಂದಿದೆಯೇ? ಬಂದಿದ್ದರೆ ಮುಚ್ಚಿಡಬೇಡಿ.

1965ರ ಭಾರತ-ಪಾಕಿಸ್ತಾನ ಯುದ್ಧದ ಅಸಲ್ ಉತ್ತರ್ ಕಾಳಗವನ್ನು ಮಜವಾದ ಲೆವೆಲ್ ಥರ ವರ್ಣಿಸಿದ್ದೀರಿ. ಜೀಪಿನ ಮೇಲಿನ ತೋಪಿನಿಂದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದ ಅಬ್ದುಲ್ ಹಮೀದ್ ಅಲ್ಲೇ ಪ್ರಾಣ ಬಿಟ್ಟರು. ಪರಮವೀರ ಚಕ್ರ ಬಂದದ್ದು ಸತ್ತ ಮೇಲೆ. ಆ ಪ್ಯಾರಾವನ್ನು ಗೌರವದಿಂದ ಬರೆಯಿರಿ, ಇಲ್ಲವೇ ಬಿಡಿ.

ಕೊನೆಯ ಪುಟದ ಒಂದು ಸಂಗತಿಯನ್ನು ಮಾತ್ರ ಮೇಲಕ್ಕೆ ತನ್ನಿ: ಮ್ಯಾಚ್ ನಡುವೆ ಕರೆಂಟ್ ಹೋಯಿತು, ನಿಮ್ಮ ಟ್ಯಾಂಕ್ ಬಯಲಲ್ಲಿ ಸುಮ್ಮನೆ ನಿಂತಿತು, ಜೊತೆಗಿದ್ದ 14 ಜನ ನಿಮಗೆ ಬೈದುಕೊಂಡು ಆಡಿದರು. ದಾವಣಗೆರೆಯ ಹುಡುಗನ ಆಟ ಇದೇ. ಲೇಖನ ಇಲ್ಲಿಂದಲೇ ಶುರುವಾಗಲಿ. ‘ರಣಭೂಮಿಯನ್ನು ಆಳಿದ ಉಕ್ಕಿನ ದೈತ್ಯರು’ ಅನ್ನುವಂಥ ಸಾಲುಗಳನ್ನೆಲ್ಲ ಹೊಡೆದುಹಾಕಿ.

ಮುಂದಿನ ಸಂಚಿಕೆಗೆ ಆತುರವಿಲ್ಲ. ಆರು ಪುಟದೊಳಗೆ, ಒಂದೇ ಬದಿಗೆ ಬರೆದು ಕಳಿಸಿ. ಬಂದ ಕೂಡಲೇ ಓದುತ್ತೇನೆ.

ಇಂತಿ,
ಸಂಪಾದಕ