ಟೀಚರಿಗೆ ಕೇಳಿ: ನಾಲ್ಕು ದೇಶ ಬೇಡ, ಒಂದು ನದಿ ಹಿಡಿಯಿರಿ

ಕಾಂಬೋಡಿಯಾದ ಅಂಕೋರಿನ ದೇವಾಲಯಗಳ ಅಡಿಪಾಯದಲ್ಲಿಯೂ ನಮ್ಮ ಊರಿನ ಹಾಗೆ ಕೆಂಪು ಮುರಕಲ್ಲೇ ಇದೆ ಎಂದು ಹಿಂದಿನ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ. ಈ ಸಲ ಬಂದ ಪತ್ರಗಳೆಲ್ಲ ಅದೇ ದಿಕ್ಕಿಗೆ ತಿರುಗಿವೆ. ಕಾಸರಗೋಡಿನ ನೀರ್ಚಾಲಿನ ಹತ್ತಿರದ ಶಾಲೆಯೊಂದರಲ್ಲಿ 28 ವರ್ಷ ಚರಿತ್ರೆ ಕಲಿಸಿದವಳು ನಾನು. ಆ ಕಡೆಗೆ ಹೋದದ್ದು ಮೂರು ಸಲ: 2012, 2017 ಮತ್ತು 2024ರಲ್ಲಿ.

ಟೀಚರಿಗೆ ನಮಸ್ಕಾರ. ನನಗೆ 61, ಯಜಮಾನರಿಗೆ 66. ಪ್ರವಾಸಕ್ಕೆಂದು ಮಗಳು ದುಬೈಯಿಂದ ಹಣ ಕಳುಹಿಸಿದ್ದಾಳೆ. 11 ದಿನಗಳಲ್ಲಿ ಥಾಯ್ಲೆಂಡ್, ಕಾಂಬೋಡಿಯಾ, ಲಾವೋಸ್, ವಿಯೆಟ್ನಾಂ ನಾಲ್ಕನ್ನೂ ತೋರಿಸುತ್ತೇವೆಂದು ಟೂರಿನವರು ಹೇಳುತ್ತಾರೆ. ಒಪ್ಪಬಹುದೇ?
– ಓದುಗರು, ಬದಿಯಡ್ಕ

ಒಪ್ಪಬೇಡಿ ಅಮ್ಮ. 2012ರಲ್ಲಿ ನಾನು ಒಪ್ಪಿ ಹೋಗಿದ್ದೆ. ಒಂಬತ್ತು ದಿನ, ಮೂರು ದೇಶ. ಅಂಕೋರ್ ವಾಟಿನ ಉಬ್ಬುಶಿಲ್ಪಗಳ ಮುಂದೆ ನಮಗೆ ಸಿಕ್ಕಿದ್ದು 25 ನಿಮಿಷ. ಬ್ಯಾಂಕಾಕಿನ ಒಂದು ರತ್ನದ ಅಂಗಡಿಯಲ್ಲಿ ನಮ್ಮನ್ನು ಕೂರಿಸಿದ್ದು ಪೂರಾ ಎರಡು ಗಂಟೆ. ಮೂವತ್ತು ವರ್ಷ ಕಾದು ನೋಡಲು ಹೋದ ಗೋಡೆಯ ಮುಂದಿನಿಂದ ‘ಬಸ್ ಹೊರಡುತ್ತದೆ’ ಎಂದು ಕರೆದಾಗ ನನಗೆ ಅಳು ಬಂದಿತ್ತು. ಬೇರೆಯವರಿಗೆ ಹಾಗಾಗಬಾರದೆಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಿಮ್ಮ 11 ದಿನಗಳಲ್ಲಿ ನಾಲ್ಕು ದೇಶ ಎಂದರೆ ನಾಲ್ಕೈದು ದಿನ ವಿಮಾನ ನಿಲ್ದಾಣಕ್ಕೇ ಹೋಗುತ್ತದೆ. ಅದರ ಬದಲು ಮೆಕಾಂಗ್ ನದಿಯನ್ನು ಹಿಡಿಯಿರಿ. ಚೀನಾ, ಮ್ಯಾನ್ಮಾರ್, ಲಾವೋಸ್, ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂ ಎಂದು ಆರು ದೇಶಗಳನ್ನು ಮುಟ್ಟುವ ನದಿ ಅದು. ಅದರ ದಡದ ಎರಡು ದೇಶಗಳು ಸಾಕು. ಕಾಂಬೋಡಿಯಾಕ್ಕೆ ಆರು ದಿನ, ಲಾವೋಸಿಗೆ ನಾಲ್ಕು. ಲಾವೋಸಿನಲ್ಲಿ ಲುವಾಂಗ್ ಪ್ರಬಾಂಗ್ ಒಂದೇ ಊರಿನಲ್ಲಿ ಉಳಿಯಿರಿ. ಮೆಕಾಂಗಿಗೆ ನಾಮ್ ಖಾನ್ ನದಿ ಸೇರುವ ಸಂಗಮದಲ್ಲಿರುವ ಊರು ಅದು. ನಸುಕಿನಲ್ಲಿ ಅಲ್ಲಿ ಕಾವಿ ತೊಟ್ಟ ಭಿಕ್ಷುಗಳು ಸಾಲಾಗಿ ಭಿಕ್ಷೆಗೆ ಹೊರಡುತ್ತಾರೆ. ಊರಿನ ಹೆಂಗಸರು ಮಂಡಿಯೂರಿ ಕುಳಿತು ಅಂಟು ಅಕ್ಕಿಯ ಅನ್ನವನ್ನು ಬಟ್ಟಲಿಗೆ ಹಾಕುತ್ತಾರೆ. ನೀವು ರಸ್ತೆಯ ಈಚೆ ಬದಿಯಲ್ಲಿ ಸುಮ್ಮನೆ ನಿಲ್ಲಿ. ಮುಖದ ಹತ್ತಿರ ಮೊಬೈಲ್ ಹಿಡಿಯಬೇಡಿ. ಅದು ಅವರ ದಿನದ ಪೂಜೆ.

ಟೂರಿನವರ ಹತ್ತಿರ ಹಣ ಕೊಡುವ ಮೊದಲು ಕೇಳಿ: ಒಂದೊಂದು ಊರಿನಲ್ಲಿ ಎಷ್ಟು ರಾತ್ರಿ? ದಾರಿಯಲ್ಲಿ ಎಷ್ಟು ಅಂಗಡಿಗೆ ನಿಲ್ಲಿಸುತ್ತೀರಿ? ಅಂಕೋರಿನಲ್ಲಿ ಲೈಸೆನ್ಸ್ ಇರುವ ಅಲ್ಲಿಯದೇ ಗೈಡ್ ಇರುತ್ತಾರೆಯೇ? ಟಿಕೆಟ್ ಒಂದು ದಿನದ್ದೋ ಮೂರು ದಿನದ್ದೋ? ಕೊನೆಯ ಪ್ರಶ್ನೆಯಲ್ಲಿಯೇ ಅವರ ಬಣ್ಣ ತಿಳಿಯುತ್ತದೆ. ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಮೂರು ದಿನದ್ದನ್ನು ಹತ್ತು ದಿನಗಳ ಒಳಗೆ ಬಿಡಿಬಿಡಿಯಾಗಿ ಬಳಸಬಹುದು. ನಿಮ್ಮ ವಯಸ್ಸಿಗೆ ಅದೇ ಬೇಕು. ಒಂದು ದಿನ ನಡೆದರೆ ಮರುದಿನ ಮೊಣಕಾಲಿಗೆ ವಿಶ್ರಾಂತಿ.

ಇನ್ನೊಂದು ಮಾತು. ಅಂಕೋರ್ ವಾಟ್ ಬೆಳಿಗ್ಗೆ 5 ಗಂಟೆಗೆ ತೆರೆಯುತ್ತದೆ. ಸೂರ್ಯೋದಯ ನೋಡಲು ಕೊಳದ ದಡದಲ್ಲಿ ಜಾತ್ರೆಯಷ್ಟು ಜನ. ಸೂರ್ಯ ಏರಿದ್ದೇ ಎಲ್ಲರೂ ತಿಂಡಿಗೆ ಹೋಟೆಲಿಗೆ ಓಡುತ್ತಾರೆ. ನೀವು ಬಾಳೆಹಣ್ಣು, ಅವಲಕ್ಕಿ ಕಟ್ಟಿಕೊಂಡು ಹೋಗಿ ಅಲ್ಲಿಯೇ ಉಳಿಯಿರಿ. ಮುಂದಿನ ಒಂದೂವರೆ ಗಂಟೆ ಮೊಗಸಾಲೆಗಳು ಖಾಲಿ. 2024ರಲ್ಲಿ ನಾನು ಹಾಗೆಯೇ ಮಾಡಿದೆ. ಕಸ ಗುಡಿಸುವ ಒಬ್ಬಾಕೆ ಮತ್ತು ನಾನು, ಇಬ್ಬರೇ ಇದ್ದೆವು. ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯ ಒಳಗೆ ಹೋಗಿ. ಏಪ್ರಿಲಿನ ಬಿಸಿಲು ನಮ್ಮವರಿಗೂ ತಡೆಯದು. ಭುಜ, ಮೊಣಕಾಲು ಮುಚ್ಚುವ ಹತ್ತಿಬಟ್ಟೆ ಇರಲಿ. ಇಲ್ಲದಿದ್ದರೆ ಮೇಲಿನ ಅಂತಸ್ತಿಗೆ ಬಿಡುವುದಿಲ್ಲ.

ನಾನು ಹವ್ಯಾಸಿ ಯಕ್ಷಗಾನ ಅರ್ಥಧಾರಿ. ಅಂಕೋರಿನ ಗೋಡೆಗಳಲ್ಲಿ ರಾಮಾಯಣ, ಮಹಾಭಾರತ ಇದೆಯಂತೆ. ನಮ್ಮ ಪ್ರಸಂಗಗಳನ್ನು ಬಲ್ಲವನಿಗೆ ಗೈಡ್ ಇಲ್ಲದೆ ಗುರುತು ಸಿಕ್ಕೀತೇ?
– ಓದುಗರು, ಕುಂಬಳೆ

ಸಿಗುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಿಗೆ ಸಿಗದಿದ್ದರೆ ಇನ್ನು ಯಾರಿಗೆ ಸಿಗಬೇಕು! 12ನೆಯ ಶತಮಾನದಲ್ಲಿ ಎರಡನೆಯ ಸೂರ್ಯವರ್ಮ ವಿಷ್ಣುವಿಗೆಂದು ಕಟ್ಟಿಸಿದ ದೇವಾಲಯ ಅಂಕೋರ್ ವಾಟ್. ಮುಖ ಪಶ್ಚಿಮಕ್ಕೆ. ಒಳಗೆ ಹೋದವರು ಬಲಕ್ಕೆ ತಿರುಗಿ, ಗೋಡೆ ಎಡಗೈ ಕಡೆಗೆ ಬರುವಂತೆ ನಡೆಯಿರಿ. ನಮಗೆ ಇದು ಅಪ್ರದಕ್ಷಿಣೆ, ಮನಸ್ಸು ಮೊದಲು ಒಪ್ಪುವುದಿಲ್ಲ. ಆದರೆ ಕಥೆ ಸಾಗುವುದು ಆ ದಿಕ್ಕಿನಲ್ಲಿಯೇ. ಇದು ರಾಜನ ಸಮಾಧಿಯೂ ಆಗಿದ್ದಿರಬೇಕೆಂದು ಕೆಲವು ವಿದ್ವಾಂಸರು ವಾದಿಸಲು ಇದೂ ಒಂದು ಕಾರಣ.

ಮೊದಲು ಸಿಗುವುದು ಕುರುಕ್ಷೇತ್ರ. ಎರಡು ಕಡೆಯಿಂದ ಬರುವ ಸೇನೆಗಳು ನಡುವಿನಲ್ಲಿ ಒಂದನ್ನೊಂದು ನುಗ್ಗಿ ಬೆರೆತುಹೋಗಿವೆ. ಮೇಲ್ಗಡೆ ಶರಶಯ್ಯೆಯಲ್ಲಿ ಭೀಷ್ಮರು. ಅರ್ಜುನನ ಸಾರಥಿಗೆ ನಾಲ್ಕು ಕೈ. ‘ಭೀಷ್ಮಪರ್ವ’ದಲ್ಲಿ ಅರ್ಥ ಹೇಳಿದವರು ಅಲ್ಲಿ ಮಾತಿಲ್ಲದೆ ನಿಲ್ಲುತ್ತಾರೆ. ಮುಂದೆ ಪೂರ್ವದ ಮೊಗಸಾಲೆಯಲ್ಲಿ ಸಮುದ್ರಮಥನ, ಸುಮಾರು 49 ಮೀಟರ್ ಉದ್ದ. ವಾಸುಕಿಯನ್ನು ಹಿಡಿದೆಳೆಯುವ 92 ಅಸುರರು ಒಂದು ಕಡೆ, 88 ದೇವತೆಗಳು ಇನ್ನೊಂದು ಕಡೆ, ನಡುವೆ ಕೂರ್ಮದ ಮೇಲೆ ವಿಷ್ಣು. ಕಾಲಿನ ಕೆಳಗಿನ ಕಡಲನ್ನೂ ನೋಡಿ. ಮಥನದ ರಭಸಕ್ಕೆ ಮೀನುಗಳೂ ಮೊಸಳೆಗಳೂ ತುಂಡಾಗಿವೆ. ಅನಂತಪುರದ ಕೆರೆಯ ಮೊಸಳೆಯನ್ನು ಕಂಡು ಬೆಳೆದ ನನಗೆ ಅದನ್ನು ನೋಡಿ ಸಂಕಟವಾಯಿತು. ಕೊನೆಯದಾಗಿ ಲಂಕಾಯುದ್ಧ. ಹತ್ತು ತಲೆ, ಇಪ್ಪತ್ತು ಕೈಗಳ ರಾವಣ ಒಂದೆಡೆ, ಹನುಮಂತನ ಹೆಗಲೇರಿ ಬಾಣ ಬಿಡುವ ರಾಮ ಇನ್ನೊಂದೆಡೆ.

ಆದರೆ ನಿಮಗೆಂದೇ ಇರುವ ದೇವಾಲಯ ಬೇರೆ. ಅಂಕೋರಿನಿಂದ ಸುಮಾರು 25 ಕಿ.ಮೀ. ಆಚೆಗಿನ ಬಂತೇ ಸ್ರೇ, 967ರಲ್ಲಿ ಪ್ರತಿಷ್ಠೆಯಾದ ಶಿವಾಲಯ. ನಸುಗೆಂಪು ಮರಳುಗಲ್ಲು, ಗಿಡ್ಡನೆಯ ಬಾಗಿಲುಗಳು, ಮಧೂರಿನ ಮರದ ಕೆತ್ತನೆಯನ್ನು ನೆನಪಿಸುವಷ್ಟು ನಯವಾದ ಕೆಲಸ. ಬಾಗಿಲುಗಳ ಮೇಲೆ ವಾಲಿ ಸುಗ್ರೀವರ ಕಾಳಗ, ಖಾಂಡವದಹನ, ಕೈಲಾಸವನ್ನೆತ್ತುವ ರಾವಣ, ಕಾಮದಹನ. ಇವೆಲ್ಲ ನಿಮ್ಮ ಪ್ರಸಂಗಗಳೇ ಅಲ್ಲವೇ? ವಾಲಿವಧೆಯ ಮುಂದೆ ನಾನು ಮನಸ್ಸಿನಲ್ಲಿಯೇ ತಾಳಮದ್ದಳೆ ನಡೆಸಿದೆ.

ಕಲೆ ಕಲ್ಲಿನಲ್ಲಿಯೇ ಉಳಿದಿಲ್ಲ ಎನ್ನುವುದೂ ತಿಳಿದಿರಲಿ. ಕಾಂಬೋಡಿಯಾದ ರಾಮಾಯಣವಾದ ‘ರಾಮಕೇರ್ತಿ’ಯನ್ನು ಈಗಲೂ ಮುಖವಾಡ ತೊಟ್ಟು ಆಡುತ್ತಾರೆ. ಲಖೋನ್ ಖೋಲ್ ಎಂಬ ಆ ಆಟವೂ ಥಾಯ್ಲೆಂಡಿನ ಖೋನ್ ಆಟವೂ 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಥಾಯ್ಲೆಂಡಿನ ‘ರಾಮಕಿಯೆನ್’ನಲ್ಲಿ ಹನುಮಂತ ಬ್ರಹ್ಮಚಾರಿಯಲ್ಲ, ಅವನಿಗೆ ಹೆಂಡತಿಯರೂ ಮಕ್ಕಳೂ ಇದ್ದಾರೆ. ಕೇಳಿದ ಕೂಡಲೇ ಜಗಳಕ್ಕೆ ನಿಲ್ಲಬೇಡಿ. ಅವರ ಊರಿನಲ್ಲಿ ಕಥೆ ಹಾಗೆ ಬೆಳೆದಿದೆ.

ನಮ್ಮದು ಅಡಿಕೆ ತೋಟ. ಅಲ್ಲಿಯ ಸಂತೆಗಳಲ್ಲಿ ಅಡಿಕೆ ಕಾಣಸಿಗುತ್ತದೆಯೇ?
– ಕೃಷಿಕರು, ಮುಳ್ಳೇರಿಯ

ಸಿಗುತ್ತದೆ. ಹಸಿ ಅಡಿಕೆ, ವೀಳ್ಯದೆಲೆ, ಸುಣ್ಣ, ಮೂರೂ ಒಂದೇ ಬುಟ್ಟಿಯಲ್ಲಿ. ಕಾಂಬೋಡಿಯಾದ ಹಳ್ಳಿ ಸಂತೆಗಳಲ್ಲಿ ಮುದುಕಿಯರು ಜಗಿಯುತ್ತ ಮಾರುತ್ತಾರೆ. ಅಡಿಕೆಗೆ ಅಲ್ಲಿ ‘ಸ್ಲಾ’ ಎನ್ನುತ್ತಾರೆ. ವಿಯೆಟ್ನಾಮಿನಲ್ಲಿ ಮದುವೆಯ ಮಾತಿಗೆ ಹೋಗುವವರು ಅಡಿಕೆ, ವೀಳ್ಯ ತಪ್ಪದೆ ಒಯ್ಯುತ್ತಾರೆ. ವೀಳ್ಯವೇ ಮಾತಿನ ಮೊದಲು ಎಂಬ ಗಾದೆಯೇ ಅವರಲ್ಲಿದೆ.

ನನಗೆ ಮೈ ಝುಂ ಎಂದದ್ದು ಬೇರೆಯ ಕಡೆ. ಅಂಕೋರಿನ ಹತ್ತಿರದ ಸಿಯಾಮ್ ರೀಪಿನಲ್ಲಿ ನಾವು ಇಳಿದುಕೊಂಡಿದ್ದ ಮನೆಯ ಪಕ್ಕದಲ್ಲಿ ಮದುವೆ ಇತ್ತು. ವಧೂವರರು ಹೆತ್ತವರಿಗೆ ಗೌರವ ಸಲ್ಲಿಸುವ ಹೊತ್ತಿಗೆ ಒಳಗಿನಿಂದ ತಂದದ್ದು ಅಡಿಕೆ ಹಾಳೆಯಿಂದ ಆಗ ತಾನೇ ಬಿಡಿಸಿದ ಹಿಂಗಾರ! ನಾಗನ ಕಟ್ಟೆಯಲ್ಲಿ, ಭೂತದ ಕೋಲದಲ್ಲಿ ನಾವು ಹಿಡಿಯುವ ಅದೇ ಹಿಂಗಾರ, ಅದೇ ಪರಿಮಳ. ಅಲ್ಲಿಯ ಮದುವೆಗಳಲ್ಲಿ ಅಡಿಕೆ ಹೂವಿನದೇ ಒಂದು ಶಾಸ್ತ್ರವಿದೆ. ಭಾಷೆ ಬಾರದಿದ್ದರೂ ಕೈಸನ್ನೆಯಲ್ಲಿ ‘ನಮ್ಮಲ್ಲಿಯೂ ಇದೆ’ ಎಂದೆ. ಮದುಮಗಳ ಅಜ್ಜಿ ಒಂದು ಎಸಳು ಮುರಿದು ನನ್ನ ಕೈಗಿಟ್ಟರು.

ತೇಲುವ ಸಂತೆ ನೋಡಬೇಕೆಂದಿದ್ದರೆ ವಿಯೆಟ್ನಾಮಿನ ಕಾನ್ ಥೋ ಊರಿನ ಕಾಯ್ ರಾಂಗ್ ಸಂತೆಗೆ ಬೆಳಗಿನ ಜಾವವೇ ಹೋಗಿ. ಯಾವ ದೋಣಿಯಲ್ಲಿ ಏನಿದೆ ಎಂದು ಕೂಗಿ ಹೇಳುವುದಿಲ್ಲ. ಉದ್ದನೆಯ ಬಿದಿರ ಗಳುವಿನ ತುದಿಗೆ ಅನಾನಸೋ ಕುಂಬಳವೋ ಕಟ್ಟಿ ನಿಲ್ಲಿಸುತ್ತಾರೆ. ರಸ್ತೆಗಳು ಬಂದ ಮೇಲೆ ದೋಣಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ಕಾಂಬೋಡಿಯಾದಲ್ಲಿ ಒಂದು ನದಿ ಅರ್ಧ ವರ್ಷ ಹಿಂದಕ್ಕೆ ಹರಿಯುತ್ತದೆ ಎಂದು ಮಗ ಪಾಠಪುಸ್ತಕ ನೋಡಿ ಹೇಳಿದ. ನಂಬುವುದು ಹೇಗೆ?
– ಓದುಗರು, ಚೆಂಗಳ

ನೀವು ಚಂದ್ರಗಿರಿ ಹೊಳೆಯ ದಡದವರು, ನಂಬುವುದು ಸುಲಭ. ಅಳಿವೆಯ ಹತ್ತಿರ ಉಬ್ಬರದ ಹೊತ್ತಿಗೆ ಉಪ್ಪುನೀರು ಹೊಳೆಯೊಳಗೆ ಮೇಲಕ್ಕೇರುವುದನ್ನು ದಿನಕ್ಕೆ ಎರಡು ಸಲ ಕಾಣುತ್ತೀರಿ. ಕಾಂಬೋಡಿಯಾದಲ್ಲಿ ಈ ಕೆಲಸ ಮಾಡುವುದು ಕಡಲಲ್ಲ, ಮೆಕಾಂಗ್. ತೊನ್ಲೆ ಸಾಪ್ ಎಂಬ ಸರೋವರದಿಂದ ಅದೇ ಹೆಸರಿನ ನದಿ ಹೊರಟು ನೋಮ್ ಪೆನ್ ನಗರದಲ್ಲಿ ಮೆಕಾಂಗನ್ನು ಸೇರುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ಎಷ್ಟು ಉಕ್ಕುತ್ತದೆಂದರೆ ಅದರ ನೀರು ಈ ಉಪನದಿಗೆ ನುಗ್ಗಿ, ಹರಿವನ್ನೇ ತಿರುಗಿಸಿ, ಸರೋವರವನ್ನು ತುಂಬುತ್ತದೆ. ಬೇಸಗೆಯಲ್ಲಿ 2,500 ಚದರ ಕಿ.ಮೀ. ಇರುವ ಸರೋವರ ಒಳ್ಳೆಯ ಮಳೆಯ ವರ್ಷ 15,000 ಚದರ ಕಿ.ಮೀ.ವರೆಗೂ ಹರಡುತ್ತದೆ. ಕಾಡು ನೀರಿನೊಳಗೆ ನಿಲ್ಲುತ್ತದೆ, ಮೀನುಗಳು ಮರದ ಬುಡಗಳ ನಡುವೆ ಮೊಟ್ಟೆಯಿಡುತ್ತವೆ. ಮಳೆ ಕಡಿಮೆಯಾಗಿ ನೀರು ಮರಳಿ ಕಡಲ ಕಡೆಗೆ ಹೊರಟಾಗ ಊರಿಗೆ ಊರೇ ದೋಣಿಗಳನ್ನು ಇಳಿಸಿ ಜಲೋತ್ಸವ ಮಾಡುತ್ತದೆ. ನದಿಗಳು ಕೂಡುವ ಆ ಜಾಗದ ಹೆಸರು ಚಕ್ತೊಮುಕ್. ಗಟ್ಟಿಯಾಗಿ ಹೇಳಿ ನೋಡಿ, ‘ಚತುರ್ಮುಖ’ ಕೇಳಿಸುತ್ತದೆ.

2019 ಮತ್ತು 2020ರಲ್ಲಿ ಮಳೆ ಕೈಕೊಟ್ಟು ನದಿ ತಿರುಗುವುದೇ ತಡವಾಯಿತು. ಮೇಲ್ದಂಡೆಯಲ್ಲಿ ಕಟ್ಟಿದ ಅಣೆಕಟ್ಟುಗಳೂ ಅದಕ್ಕೆ ಕಾರಣವೆಂದು ಮೀನುಗಾರರು ಹೇಳುತ್ತಾರೆ. ಅಲ್ಲಿ ಎತ್ತರದ ಕಂಬಗಳ ಮೇಲೆ ನಿಂತ ಕಂಪೋಂಗ್ ಪ್ಲುಕ್ ಎಂಬ ಹಳ್ಳಿಗೆ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಹೋಗಿ. ಆದರೆ ದಾರಿಯಲ್ಲಿ ‘ಶಾಲೆಯ ಮಕ್ಕಳಿಗೆ ಅಕ್ಕಿ ಕೊಡಿ, ಪುಸ್ತಕ ಕೊಡಿ’ ಎಂದು ನಿಲ್ಲಿಸಿದರೆ ಕೊಡಬೇಡಿ. ಮಕ್ಕಳನ್ನು ತೋರಿಸಿ ಮಾಡುವ ವ್ಯಾಪಾರ ಅದು. ಅಧ್ಯಾಪಕಿಯಾಗಿದ್ದ ನನಗೆ ಇದನ್ನು ಬರೆಯುವುದು ಸುಲಭವಲ್ಲ. ಆದರೂ ಬರೆಯಲೇಬೇಕು. ಅಂಕೋರಿನ ಪ್ರತಿ ಟಿಕೆಟಿನಲ್ಲಿ 2 ಡಾಲರ್ ಅಲ್ಲಿಯ ಮಕ್ಕಳ ಆಸ್ಪತ್ರೆಗೆ ಹೋಗುತ್ತದೆ. ಆ ದಾನ ನೀವು ಆಗಲೇ ಮಾಡಿದ್ದೀರಿ.

ನಾವು ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನದವರು. ಉಪವಾಸವೇ ಗತಿಯೇ?
– ಓದುಗರು, ಮಂಜೇಶ್ವರ

ಇಲ್ಲ. ಥಾಯ್ಲೆಂಡಿನಲ್ಲಿ ‘ಜೇ’ ಎಂದು ಕೇಳಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿಗಳು. ಅವರ ವ್ರತದ ಊಟದಲ್ಲಿ ಬೆಳ್ಳುಳ್ಳಿ, ಈರುಳ್ಳಿ ಕೂಡ ಇಲ್ಲ. ವಿಯೆಟ್ನಾಮಿನಲ್ಲಿ ‘ಚಾಯ್’ ಎನ್ನಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಅಲ್ಲಿಯ ಬೌದ್ಧರೇ ಸಸ್ಯಾಹಾರ ಮಾಡುವುದರಿಂದ ಆ ದಿನಗಳಲ್ಲಿ ಹೆಚ್ಚು ಸಿಗುತ್ತದೆ. ಕಷ್ಟ ಇರುವುದು ಕಾಂಬೋಡಿಯಾ, ಲಾವೋಸಿನಲ್ಲಿ. ತರಕಾರಿಯ ಪಲ್ಯಕ್ಕೂ ಮೀನಿನ ರಸ ಬೀಳುತ್ತದೆ, ‘ಮಾಂಸ ಬೇಡ’ ಎಂದರೆ ಸಾಲದು. ‘ಮೀನಿನ ರಸವೂ ಬೇಡ’ ಎಂದು ಗೈಡಿನಿಂದ ಅವರ ಲಿಪಿಯಲ್ಲಿ ಒಂದು ಚೀಟಿ ಬರೆಸಿಕೊಂಡು ಅಡುಗೆಯವರಿಗೇ ತೋರಿಸಿ. ದಾರಿಬದಿಯಲ್ಲಿ ‘ಕ್ರಲಾನ್’ ಸಿಕ್ಕರೆ ಬಿಡಬೇಡಿ. ಅಂಟು ಅಕ್ಕಿ, ತೆಂಗಿನ ಹಾಲು, ಕಾಳು, ಇಷ್ಟನ್ನು ಬಿದಿರಿನೊಳಗೆ ತುಂಬಿ ಕೆಂಡದಲ್ಲಿ ಸುಟ್ಟದ್ದು. ಸಿಪ್ಪೆ ಸುಲಿದರೆ ನಮ್ಮ ಕಡುಬಿನ ತಂಗಿ.

ಬ್ಯಾಂಕಾಕಿನಿಂದ ಅಂಕೋರಿಗೆ ಬಸ್ಸಿನಲ್ಲಿ ಹೋಗಿ, ದಾರಿಯಲ್ಲಿ ಗಡಿಯ ಪ್ರೇಹ ವಿಹಾರ ದೇವಾಲಯವನ್ನೂ ನೋಡಬಹುದೇ?
– ಓದುಗರು, ಪೆರ್ಲ

ಬಸ್ಸಿನ ಯೋಚನೆ ಬಿಡಿ. 2025ರ ಜುಲೈಯಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾದ ಸೈನಿಕರ ನಡುವೆ ಕಾಳಗವಾಗಿ ನೆಲದ ಗಡಿಗಳು ಮುಚ್ಚಿದವು. ವಿಮಾನದಲ್ಲಿಯೇ ಹೋಗಿ. ಸಿಯಾಮ್ ರೀಪಿನ ಹೊಸ ನಿಲ್ದಾಣ 2023ರಲ್ಲಿ ತೆರೆಯಿತು. ಊರಿಗೆ ಸುಮಾರು ಒಂದು ಗಂಟೆಯ ದಾರಿ. ವೀಸಾದ ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್ ತೆಗೆಯುವ ವಾರ ರಾಯಭಾರ ಕಚೇರಿಯ ತಾಣದಲ್ಲಿಯೇ ನೋಡಿ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಲಿ.

ಪ್ರೇಹ ವಿಹಾರಕ್ಕೆ ನಾನು 2017ರಲ್ಲಿ ಹೋಗಿದ್ದೆ. ಬೆಟ್ಟದ ಅಂಚಿನಲ್ಲಿರುವ ಶಿವಾಲಯ, ದೇವರ ಹೆಸರು ಶಿಖರೇಶ್ವರ. 1962ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅದನ್ನು ಕಾಂಬೋಡಿಯಾಕ್ಕೆ ಕೊಟ್ಟಿತು. ಆದರೆ ದೇವಾಲಯದ ಮುಖ ಇರುವುದು ಉತ್ತರಕ್ಕೆ, ಥಾಯ್ಲೆಂಡಿನ ಕಡೆಗೆ. ಭಕ್ತರು ಹತ್ತಿ ಬರಲೆಂದು ಕಟ್ಟಿದ ಮೆಟ್ಟಿಲುಗಳೆಲ್ಲ ಆ ಬದಿಗೆ ಇಳಿಯುತ್ತವೆ. ನಾನು ಹೋದಾಗ ಆ ದಾರಿ ಮುಚ್ಚಿತ್ತು. ಕಾಂಬೋಡಿಯಾದ ಬದಿಯ ಕಡಿದಾದ ರಸ್ತೆಯಲ್ಲಿ ಜೀಪಿನಲ್ಲಿ ಏರಿ, ಹಿಂಬಾಗಿಲಿನಿಂದ ಬಂದವರ ಹಾಗೆ ಒಳಗೆ ಹೋದೆವು.

ಪೆರ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದಾಗ ನನ್ನ ಅಮ್ಮನ ತವರು ಅಡ್ಯನಡ್ಕ ಗಡಿಯ ಆಚೆ, ಕರ್ನಾಟಕದ ಕಡೆ ಉಳಿಯಿತು. ಆದರೂ ಹೋಗಿ ಬರುವುದು ನಿಲ್ಲಲಿಲ್ಲ, ಮದುವೆ ಮುಂಜಿ ನಿಲ್ಲಲಿಲ್ಲ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದ ದಿನಗಳಲ್ಲಿ, ಅಡ್ಯನಡ್ಕದ ಅತ್ತೆಯನ್ನು ನೋಡಲಾಗದೆ ಅಮ್ಮ ಜಗಲಿಯಲ್ಲಿ ಕುಳಿತಿದ್ದಾಗ, ನನ್ನ ಕಣ್ಣಿಗೆ ಕಟ್ಟಿದ್ದು ಆ ಮೆಟ್ಟಿಲುಗಳು.